ಹೊಸ ಯಂತ್ರಕ್ಕೆ ಬಂದ ಮೇಲೆ ಕೆಲವು ಮೇಲ್ ವಾಪಸ್ ಬರುತ್ತಿವೆ, ಹೊರಗಿನಿಂದ ಕಳಿಸಲೂ ಆಗುತ್ತಿಲ್ಲ: ಪೋಸ್ಟ್‌ಫಿಕ್ಸ್, ಡವ್‌ಕಾಟ್

ಹೊಸಸರ್ವರ್:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಮೊದಲು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ, ಏನನ್ನೂ ಬರೆದಿಟ್ಟಿಲ್ಲ. ಹಳೆ ಯಂತ್ರ ತೀರಾ ಹಳತಾಗಿತ್ತು ಅಂತ ಬಾಡಿಗೆಯ ವಿಪಿಎಸ್ (ವರ್ಚುವಲ್ ಸರ್ವರ್) ಒಂದಕ್ಕೆ ಎಲ್ಲವನ್ನೂ ಸಾಗಿಸಿದ್ದೇವೆ. ಡೆಬಿಯನ್ 12 (ಲಿನಕ್ಸ್), ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ಮತ್ತು ಪಾಸ್‌ವರ್ಡ್‌ಗೆ ಡವ್‌ಕಾಟ್, ಹೊರಹೋಗುವ ಮೇಲ್‌ಗೆ ಡೊಮೈನ್ ಹೆಸರಲ್ಲಿ ಡಿಕೆಐಎಂ ಸಹಿ ಹಾಕಲು ಓಪನ್‌ಡಿಕೆಐಎಂ.

ಒಳಗೆ ಬರುವ ಮೇಲ್ ಸರಿಯಾಗಿದೆ. ಹೊರಗೆ ಹೋಗುವುದರದ್ದೇ ತಲೆನೋವು. ಒಂದು ದೊಡ್ಡ ಉಚಿತ ಮೇಲ್ ಸೇವೆಯ ವಿಳಾಸಗಳಿಗೆ ಕಳಿಸಿದರೆ ಒಮ್ಮೆ ಹೋಗುತ್ತದೆ, ಒಮ್ಮೆ ವಾಪಸ್ ಬರುತ್ತದೆ. ಅದೇ ವ್ಯಕ್ತಿಗೆ, ಅದೇ ಮೇಲ್, ಸ್ವಲ್ಪ ಹೊತ್ತು ಬಿಟ್ಟು ಕಳಿಸಿದರೆ ಹೀಗೆ. ಹೋದದ್ದೂ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತಿದೆ. ಇನ್ನೊಂದು, ಕಚೇರಿಯ ಹೊರಗೆ ಇರುವವರು ಫೋನ್‌ನಿಂದ ಕಳಿಸಲು ಹೋದರೆ 'ರಿಲೇ ಆಕ್ಸೆಸ್ ಡಿನೈಡ್' ಅನ್ನುತ್ತದೆ. ಲಾಗ್ ನೋಡೋಣ ಅಂದರೆ ಮೇಲ್.ಲಾಗ್ ಅನ್ನುವ ಫೈಲೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಲಾಗ್‌ಓದುಗ:
ಲಾಗ್‌ನಿಂದಲೇ ಶುರು ಮಾಡಿ. ಅದಿಲ್ಲದೆ ಒಂದೇ ಒಂದು ಸೆಟ್ಟಿಂಗ್ ಕೂಡ ಮುಟ್ಟಬೇಡಿ.

ಫೈಲ್ ಕಳೆದುಹೋಗಿಲ್ಲ. ಡೆಬಿಯನ್ 12ರಿಂದ ಆರ್‌ಸಿಸ್‌ಲಾಗ್ (ಲಾಗನ್ನು ಫೈಲ್‌ಗೆ ಬರೆಯುವ ಪ್ರೋಗ್ರಾಮ್) ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಎಲ್ಲವೂ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್‌ಗೆ ಹೋಗುತ್ತದೆ. ಅದನ್ನು ಓದುವ ಜರ್ನಲ್‌ಸಿಟಿಎಲ್ ಆಜ್ಞೆಯಲ್ಲಿ ಯೂನಿಟ್ (ಸೇವೆಯ) ಹೆಸರನ್ನು ಬರೀ 'ಪೋಸ್ಟ್‌ಫಿಕ್ಸ್' ಅಂತ ಕೊಟ್ಟರೆ ಹೆಚ್ಚೇನೂ ಕಾಣಿಸುವುದಿಲ್ಲ, ಇಲ್ಲೇ ತುಂಬಾ ಜನ ಗಾಬರಿಯಾಗುತ್ತಾರೆ. ಡೆಬಿಯನ್ 12ರಲ್ಲಿ ನಿಜವಾದ ಯೂನಿಟ್ ಹೆಸರಿನ ಕೊನೆಗೆ ಅಟ್ ಚಿಹ್ನೆ ಮತ್ತು ಅಡ್ಡಗೆರೆ ಇದೆ: 'ಪೋಸ್ಟ್‌ಫಿಕ್ಸ್@-'. ಹಳೆಯ ಅಭ್ಯಾಸವೇ ಬೇಕು ಅಂದರೆ ಆರ್‌ಸಿಸ್‌ಲಾಗ್ ಇನ್‌ಸ್ಟಾಲ್ ಮಾಡಿ, ಮೇಲ್.ಲಾಗ್ ಮತ್ತೆ ಬರುತ್ತದೆ.

ಆಮೇಲೆ ವಾಪಸ್ ಬಂದ ಒಂದು ಮೇಲ್, ಸರಿಯಾಗಿ ಹೋದ ಒಂದು ಮೇಲ್ ಆರಿಸಿಕೊಳ್ಳಿ. ಪ್ರತಿ ಮೇಲ್‌ಗೂ ಪೋಸ್ಟ್‌ಫಿಕ್ಸ್ ಒಂದು ಕ್ಯೂ (ಸರತಿ) ಐಡಿ ಕೊಡುತ್ತದೆ. ಆ ಐಡಿ ಹಿಡಿದು ಗ್ರೆಪ್ ಆಜ್ಞೆಯಿಂದ ಹುಡುಕಿದರೆ ಮೇಲ್ ಒಳಗೆ ಬಂದಲ್ಲಿಂದ ಕ್ಯೂನಿಂದ ಹೊರಬೀಳುವವರೆಗೆ ಎಲ್ಲ ಸಾಲುಗಳೂ ಸಿಗುತ್ತವೆ. ಎರಡರ ಸಾಲುಗಳನ್ನೂ ಇಲ್ಲಿ ಹಾಕಿ. ವಿಳಾಸಗಳನ್ನು ಮುಚ್ಚಿ, ಆದರೆ ಸಂಖ್ಯೆಗಳನ್ನು ಮುಚ್ಚಬೇಡಿ. ಉತ್ತರ ಇರುವುದೇ ಅಲ್ಲಿ.

ದಾರಿಹೋಕ:
ಫೋನ್ ತೊಂದರೆಗೆ ಸುಲಭ ದಾರಿ ಇದೆ. ಪೋಸ್ಟ್‌ಫಿಕ್ಸ್‌ನ ಮುಖ್ಯ ಕಾನ್ಫಿಗ್ ಫೈಲ್ ಮೇನ್.ಸಿಎಫ್‌ನಲ್ಲಿ ಮೈನೆಟ್‌ವರ್ಕ್ಸ್ (ಪಾಸ್‌ವರ್ಡ್ ಇಲ್ಲದೆ ಕಳಿಸಬಲ್ಲ ವಿಳಾಸಗಳು) ಅನ್ನುವ ಸಾಲಿಗೆ 0.0.0.0/0, ಅಂದರೆ ಎಲ್ಲ ಐಪಿವಿ4 ವಿಳಾಸಗಳನ್ನೂ, ಸೇರಿಸಿ. ತಕ್ಷಣ ಹೋಗುತ್ತದೆ.

ಬಂದರು25:
ದಯವಿಟ್ಟು ಇದನ್ನು ಮಾಡಬೇಡಿ! ಹಾಗೆ ಮಾಡಿದರೆ ನಿಮ್ಮದು ಓಪನ್ ರಿಲೇ ಆಗುತ್ತದೆ. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ, ಯಾರ ಹೆಸರಲ್ಲಿ ಬೇಕಾದರೂ, ಯಾರಿಗೆ ಬೇಕಾದರೂ ನಿಮ್ಮ ಯಂತ್ರದಿಂದ ಮೇಲ್ ಕಳಿಸಬಹುದು. ಇಂಥ ಯಂತ್ರಗಳನ್ನು ಹುಡುಕುವ ಪ್ರೋಗ್ರಾಮ್‌ಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ನಿಮ್ಮ ಐಪಿ ಕಪ್ಪುಪಟ್ಟಿಗೆ ಸೇರಲು ತಡವಾಗುವುದಿಲ್ಲ, ಅಲ್ಲಿಂದ ಹೊರಬರಲು ಮಾತ್ರ ತಡವಾಗುತ್ತದೆ. ಮೈನೆಟ್‌ವರ್ಕ್ಸ್‌ನಲ್ಲಿ ಲೂಪ್‌ಬ್ಯಾಕ್ (ಯಂತ್ರ ತನ್ನನ್ನೇ ಕರೆಯುವ) ವಿಳಾಸಗಳು ಬಿಟ್ಟು ಬೇರೇನೂ ಇರದಿದ್ದರೆ ಒಳ್ಳೆಯದು.

ಹೊಸಸರ್ವರ್:
ಮುಟ್ಟಿಲ್ಲ, ಧನ್ಯವಾದ. ಹಳೆ ಯಂತ್ರದ ಕಾನ್ಫಿಗ್ ತೆಗೆದು ನೋಡಿದೆ. ಅದರಲ್ಲಿ ಮೈನೆಟ್‌ವರ್ಕ್ಸ್‌ಗೆ ಕಚೇರಿಯ ಇಡೀ ನೆಟ್‌ವರ್ಕ್ ಸೇರಿಸಿದ್ದರು. ಅಂದರೆ ಒಳಗಿನವರೆಲ್ಲ ಪಾಸ್‌ವರ್ಡ್ ಇಲ್ಲದೆಯೇ ಕಳಿಸುತ್ತಿದ್ದರು ಅನ್ನಿಸುತ್ತದೆ.

ಲಾಗ್ ಸಿಕ್ಕಿತು. ವಾಪಸ್ ಬಂದದ್ದು:

9ಎ41ಸಿ2ಎಫ್0ಬಿ: ಟು=<ಮುಚ್ಚಿದ್ದೇನೆ>, ರಿಲೇ=<ಆ ಸೇವೆಯ ಸರ್ವರ್>[ಐಪಿವಿ6 ವಿಳಾಸ]:25, ಡಿಲೇ=1.9, ಡಿಲೇಸ್=0.1/0.02/0.9/0.88, ಡಿಎಸ್‌ಎನ್=5.7.25, ಸ್ಟೇಟಸ್=ಬೌನ್ಸ್ಡ್

ಸರಿಯಾಗಿ ಹೋದದ್ದು:

ಸಿ07ಡಿ13ಇ88: ಟು=<ಅದೇ ವ್ಯಕ್ತಿ>, ರಿಲೇ=<ಅದೇ ಸರ್ವರ್>[ಐಪಿವಿ4 ವಿಳಾಸ]:25, ಡಿಲೇ=1.4, ಡಿಲೇಸ್=0.1/0.01/0.5/0.79, ಡಿಎಸ್‌ಎನ್=2.0.0, ಸ್ಟೇಟಸ್=ಸೆಂಟ್

ಲಾಗ್‌ಓದುಗ:
ಚೆನ್ನಾಗಿದೆ, ಇಷ್ಟು ಸಾಕು. ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನಿಧಾನವಾಗಿ ಓದೋಣ, ಮುಂದೆಯೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೊದಲು ಸ್ಟೇಟಸ್. 'ಸೆಂಟ್' ಅಂದರೆ ಆ ಕಡೆಯ ಸರ್ವರ್ 250 (ಸರಿ, ಒಪ್ಪಿದೆ) ಹೇಳಿ ಮೇಲನ್ನು ತನ್ನ ಜವಾಬ್ದಾರಿಗೆ ತೆಗೆದುಕೊಂಡಿದೆ ಅಂತ. ಆಮೇಲೆ ಅದು ಇನ್‌ಬಾಕ್ಸ್‌ಗೆ ಹೋಯಿತೋ ಸ್ಪ್ಯಾಮ್‌ಗೆ ಹೋಯಿತೋ ನಮ್ಮ ಲಾಗ್‌ಗೆ ಗೊತ್ತಾಗುವುದಿಲ್ಲ. 'ಬೌನ್ಸ್ಡ್' ಅಂದರೆ ಮೇಲ್ ಶಾಶ್ವತವಾಗಿ ನಿರಾಕರಣೆಯಾಗಿದೆ. 'ಡಿಫರ್ಡ್' ಅಂತ ಬಂದಿದ್ದರೆ ಮೇಲ್ ಇನ್ನೂ ನಮ್ಮ ಹತ್ತಿರವೇ ಇದೆ, ಮತ್ತೆ ಪ್ರಯತ್ನ ನಡೆಯುತ್ತದೆ. 4ರಿಂದ ಶುರುವಾಗುವ ಕೋಡ್ ತಾತ್ಕಾಲಿಕ, 5ರಿಂದ ಶುರುವಾಗುವುದು ಕೊನೆಯ ಮಾತು. ಏನೇ ತೊಂದರೆ ಬಂದರೂ 'ಈಗ ಮೇಲ್ ಯಾರ ಕೈಯಲ್ಲಿದೆ' ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಡಿಲೇಸ್‌ನಲ್ಲಿ ನಾಲ್ಕು ಸಂಖ್ಯೆ ಇವೆ. ಮೊದಲನೆಯದು ಮೇಲ್ ಕ್ಯೂ ಮ್ಯಾನೇಜರ್‌ಗೆ ಬರುವವರೆಗಿನ ಸಮಯ. ಎರಡನೆಯದು ಕ್ಯೂ ಮ್ಯಾನೇಜರ್‌ನಲ್ಲಿ ಕಾದದ್ದು. ಮೂರನೆಯದು ಸಂಪರ್ಕಕ್ಕೆ ಹಿಡಿದದ್ದು, ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವುದು) ಮತ್ತು ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿ ಮಾಡುವುದು) ಸೇರಿ. ನಾಲ್ಕನೆಯದು ಮೇಲ್ ದಾಟಿಸಲು ಹಿಡಿದದ್ದು. ಎಂದಾದರೂ 'ಮೇಲ್ ತಡ' ಅಂತ ದೂರು ಬಂದರೆ ಮೊದಲು ಇಲ್ಲಿ ನೋಡಿ. ಮೂರನೆಯದು ದೊಡ್ಡದಿದ್ದರೆ ಡಿಎನ್‌ಎಸ್ ಅಥವಾ ನೆಟ್‌ವರ್ಕ್ ಮೇಲೆ ಅನುಮಾನ ಪಡಿ. ನಿಮ್ಮದರಲ್ಲಿ ಯಾವುದೂ ದೊಡ್ಡದಿಲ್ಲ, ಅಂದರೆ ನಿಧಾನದ ಸಮಸ್ಯೆ ಇಲ್ಲ.

ಈಗ ವ್ಯತ್ಯಾಸ ನೋಡಿ. ಹೋದದ್ದು ಐಪಿವಿ4ನಲ್ಲಿ (ಹಳೆ ಬಗೆಯ ಇಂಟರ್‌ನೆಟ್ ವಿಳಾಸ), ವಾಪಸ್ ಬಂದದ್ದು ಐಪಿವಿ6ನಲ್ಲಿ (ಹೊಸ ಬಗೆಯದು). ಒಮ್ಮೆ ಹಾಗೆ ಒಮ್ಮೆ ಹೀಗೆ ಯಾಕೆ ಅಂದರೆ, ಆ ಕಡೆಯ ಸರ್ವರ್‌ಗೆ ಎರಡೂ ಬಗೆಯ ವಿಳಾಸ ಇದ್ದಾಗ ಯಾವುದಕ್ಕೆ ಮೊದಲು ಹೋಗಬೇಕು ಅನ್ನುವುದರಲ್ಲಿ ಪೋಸ್ಟ್‌ಫಿಕ್ಸ್‌ಗೆ ತನ್ನದೇ ಆದ ಒಲವು ಇಲ್ಲ. ಎಸ್‌ಎಂಟಿಪಿ_ಅಡ್ರೆಸ್_ಪ್ರಿಫರೆನ್ಸ್ ಅನ್ನುವುದರ ಮೂಲ ಸೆಟ್ಟಿಂಗ್ 'ಎನಿ' (ಯಾವುದಾದರೂ). ಇನ್ನು 5.7.25 ಅಂದರೆ ಕಳಿಸುವ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕುವುದು) ಸರಿಯಿಲ್ಲ ಅಂತ.

ಬಂದರು25:
ಹೌದು, ಇದು ಪಿಟಿಆರ್, ಅಂದರೆ ಆ ರಿವರ್ಸ್ ಡಿಎನ್‌ಎಸ್ ದಾಖಲೆಯ ತೊಂದರೆ. ವಿಪಿಎಸ್ ತೆಗೆದುಕೊಂಡಾಗ ಐಪಿವಿ4ಗೆ ಪಿಟಿಆರ್ ಹಾಕಿಸಿರುತ್ತೀರಿ, ಐಪಿವಿ6 ಮರೆತುಹೋಗುತ್ತದೆ. ತುಂಬಾ ಕಡೆ ನೋಡಿದ್ದೇನೆ.

ಒಂದು ವಿಷಯ ಗೊತ್ತಿರಲಿ. ಪಿಟಿಆರ್ ನಿಮ್ಮ ಡೊಮೈನ್‌ನ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಇರುವುದಿಲ್ಲ. ಐಪಿ ಯಾರದ್ದೋ ಅವರೇ ಹಾಕಬೇಕು, ಅಂದರೆ ವಿಪಿಎಸ್ ಕೊಟ್ಟವರ ಪ್ಯಾನೆಲ್‌ನಲ್ಲಿ ಹುಡುಕಿ. ಹಾಕಿದ ಹೆಸರು ಮತ್ತೆ ಅದೇ ಐಪಿಗೆ ತಿರುಗಿ ಬರಬೇಕು: ಐಪಿಯಿಂದ ಹೆಸರು, ಹೆಸರಿನಿಂದ ಅದೇ ಐಪಿ. ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ ಕೂಡ ಅದೇ ಇರಲಿ, ಯಾಕೆಂದರೆ ಹಲೋ ಹೇಳುವಾಗ ಅದನ್ನೇ ಹೇಳುತ್ತದೆ. ಡಿಎನ್‌ಎಸ್ ವಿಚಾರಿಸುವ ಡಿಗ್ ಆಜ್ಞೆಗೆ ಮೈನಸ್ ಎಕ್ಸ್ ಹಾಕಿ ಎರಡೂ ಐಪಿಗಳನ್ನು ಪರೀಕ್ಷಿಸಿ.

ನಾನಾದರೆ ಐನೆಟ್_ಪ್ರೋಟೊಕಾಲ್ಸ್ ಅನ್ನು ಐಪಿವಿ4 ಮಾಡಿ ಐಪಿವಿ6 ಪೂರ್ತಿ ನಿಲ್ಲಿಸಿಬಿಡುತ್ತೇನೆ. ತಲೆನೋವು ಕಡಿಮೆ.

ಲಾಗ್‌ಓದುಗ:
ಅದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ನಿಲ್ಲಿಸಿದರೆ ಐಪಿವಿ6ನಲ್ಲಿ ಬರುವ ಮೇಲ್ ಕೂಡ ನಿಲ್ಲುತ್ತದೆ, ಡಿಎನ್‌ಎಸ್‌ನಲ್ಲಿ ಐಪಿವಿ6 ವಿಳಾಸ ಹೇಳುವ ಎಎಎಎ ದಾಖಲೆ ಮಾತ್ರ ಹಾಗೇ ಉಳಿದು ಕಳಿಸುವವರನ್ನು ದಾರಿ ತಪ್ಪಿಸುತ್ತದೆ. ಇವತ್ತು ಎಸ್‌ಎಂಟಿಪಿ_ಅಡ್ರೆಸ್_ಪ್ರಿಫರೆನ್ಸ್ ಅನ್ನು ಐಪಿವಿ4 ಮಾಡಿ ರೀಲೋಡ್ ಮಾಡಿ, ಜನರ ಮೇಲ್ ಹೋಗಲಿ. ನಾಳೆ ಪಿಟಿಆರ್ ಹಾಕಿಸಿ. ಹಾಗೇ ಎಸ್‌ಪಿಎಫ್ ದಾಖಲೆಯಲ್ಲಿ (ನಿಮ್ಮ ಡೊಮೈನ್ ಹೆಸರಲ್ಲಿ ಯಾವ ಐಪಿಗಳು ಕಳಿಸಬಹುದು ಅನ್ನುವ ಪಟ್ಟಿ) ಹೊಸ ಐಪಿವಿ6 ವಿಳಾಸ ಇದೆಯಾ ನೋಡಿ. ಎರಡು ಎಸ್‌ಪಿಎಫ್ ದಾಖಲೆ ಇದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ, ಒಂದೇ ಇರಬೇಕು.

ಕೀಲಿಕೈ:
ಫೋನ್ ವಿಷಯಕ್ಕೆ ಬರೋಣ. ಪೋರ್ಟ್ 25 ಸರ್ವರ್‌ಗಳು ಒಂದಕ್ಕೊಂದು ಮಾತಾಡುವುದಕ್ಕೆ. ಜನ ಮೇಲ್ ಕಳಿಸುವುದಕ್ಕೆ 587 ಅಥವಾ 465. 587ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕ ಆದ ಮೇಲೆ ಟಿಎಲ್‌ಎಸ್‌ಗೆ ಬದಲಾಗುವುದು), 465ರಲ್ಲಿ ಮೊದಲ ಕ್ಷಣದಿಂದಲೇ ಟಿಎಲ್‌ಎಸ್. 2018ರ ಆರ್‌ಎಫ್‌ಸಿ 8314 (ಇಂಟರ್‌ನೆಟ್ ಮಾನದಂಡದ ದಾಖಲೆ) ಬಂದ ಮೇಲೆ 465ಕ್ಕೇ ಒತ್ತು. 'ರಿಲೇ ಆಕ್ಸೆಸ್ ಡಿನೈಡ್' ಅಂದರೆ ಸರ್ವರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಅಂತಲೇ ಅರ್ಥ: ಗುರುತು ಹೇಳದವರ ಮೇಲನ್ನು ಹೊರಗೆ ಸಾಗಿಸಲು ಒಪ್ಪುತ್ತಿಲ್ಲ. ಪಾಸ್‌ವರ್ಡ್ ಕೊಟ್ಟು ಒಳಬಂದವರ ಲಾಗ್ ಸಾಲಿನಲ್ಲಿ ಎಸ್‌ಎಎಸ್‌ಎಲ್_ಯೂಸರ್‌ನೇಮ್ ಇರುತ್ತದೆ. ನಿಮ್ಮಲ್ಲಿ ಅದು ಕಾಣಿಸುತ್ತಾ?

ಹೊಸಸರ್ವರ್:
ಎಲ್ಲೂ ಇಲ್ಲ. ಪೋಸ್ಟ್‌ಫಿಕ್ಸ್ ಸೇವೆಗಳ ಪಟ್ಟಿ ಇರುವ ಮಾಸ್ಟರ್.ಸಿಎಫ್ ತೆಗೆದು ನೋಡಿದರೆ ಸಬ್‌ಮಿಷನ್ ಅನ್ನುವ ಸಾಲಿನ ಮೊದಲಿಗೆ ಹ್ಯಾಶ್ (#) ಇದೆ, ಅಂದರೆ ಆ ಸಾಲು ಲೆಕ್ಕಕ್ಕಿಲ್ಲ.

ಕೀಲಿಕೈ:
ಹಾಗಾದರೆ 587 ತೆರೆದೇ ಇಲ್ಲ. ಡೆಬಿಯನ್‌ನಲ್ಲಿ ಅದು ಮುಚ್ಚಿಯೇ ಬರುತ್ತದೆ. ಸಬ್‌ಮಿಷನ್ ಮತ್ತು ಸಬ್‌ಮಿಷನ್ಸ್ ಎರಡರ ಹ್ಯಾಶ್ ತೆಗೆಯಿರಿ (ಎರಡನೆಯದು 465, ಹಳೆ ಫೈಲ್‌ಗಳಲ್ಲಿ ಎಸ್‌ಎಂಟಿಪಿಎಸ್ ಅಂತ ಇರುತ್ತದೆ). ಅವುಗಳ ಕೆಳಗೆ ಒಳಸರಿದಿರುವ ಸಾಲುಗಳಲ್ಲಿ ಬೇಕಾದವುಗಳ ಹ್ಯಾಶ್ ಕೂಡ ತೆಗೆಯಬೇಕು. ಸಾಲಿನ ಮೊದಲಿನ ಖಾಲಿ ಜಾಗ ಅಳಿಸಬೇಡಿ. ಆ ಜಾಗ ಹೋದರೆ ಪೋಸ್ಟ್‌ಫಿಕ್ಸ್ ಅದನ್ನು ಹೊಸ ಸೇವೆ ಅಂದುಕೊಳ್ಳುತ್ತದೆ. 587ಕ್ಕೆ ಟಿಎಲ್‌ಎಸ್ ಮಟ್ಟ 'ಎನ್‌ಕ್ರಿಪ್ಟ್' (ಕಡ್ಡಾಯ) ಇರಲಿ. ಪೋರ್ಟ್ 25ಕ್ಕೆ ಮಾತ್ರ 'ಮೇ' (ಆದರೆ ಆಗಲಿ) ಇರಲಿ, ಇಲ್ಲದಿದ್ದರೆ ಟಿಎಲ್‌ಎಸ್ ಬಾರದ ಹಳೆ ಸರ್ವರ್‌ಗಳಿಂದ ಮೇಲ್ ಬರುವುದಿಲ್ಲ.

ಪಾಸ್‌ವರ್ಡ್ ಪರೀಕ್ಷೆಯನ್ನು ಪೋಸ್ಟ್‌ಫಿಕ್ಸ್ ತಾನೇ ಮಾಡುವುದಿಲ್ಲ, ಡವ್‌ಕಾಟ್‌ಗೆ ಕೇಳುತ್ತದೆ. ಇಬ್ಬರೂ ಮಾತಾಡುವುದು ಒಂದು ಸಾಕೆಟ್ (ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ವಿಶೇಷ ಫೈಲ್) ಮೂಲಕ. ಡವ್‌ಕಾಟ್ ಕಡೆಯಲ್ಲಿ ಆ ಸಾಕೆಟ್ ಪೋಸ್ಟ್‌ಫಿಕ್ಸ್‌ನ ಸ್ಪೂಲ್ ಡೈರೆಕ್ಟರಿಯ (ಅದು ಕ್ಯೂ ಇಟ್ಟುಕೊಳ್ಳುವ ಜಾಗ) ಒಳಗೆ, ಪ್ರೈವೇಟ್ ಅನ್ನುವ ಫೋಲ್ಡರ್‌ನಲ್ಲಿ, ಆತ್ ಅನ್ನುವ ಹೆಸರಲ್ಲಿ ಇರಬೇಕು. ಮೋಡ್ 0660, ಬಳಕೆದಾರ ಪೋಸ್ಟ್‌ಫಿಕ್ಸ್, ಗುಂಪೂ ಪೋಸ್ಟ್‌ಫಿಕ್ಸ್. ಪೋಸ್ಟ್‌ಫಿಕ್ಸ್ ಕಡೆಯಲ್ಲಿ ಎಸ್‌ಎಎಸ್‌ಎಲ್ ಬಗೆ 'ಡವ್‌ಕಾಟ್', ದಾರಿ 'ಪ್ರೈವೇಟ್/ಆತ್'. ಇಲ್ಲಿ ಪೂರ್ತಿ ದಾರಿ ಕೊಡುವ ಅಗತ್ಯವಿಲ್ಲ, ಸ್ಪೂಲ್ ಡೈರೆಕ್ಟರಿಯಿಂದಲೇ ಲೆಕ್ಕ ಹಿಡಿಯುತ್ತದೆ. ಫೈರ್‌ವಾಲ್‌ನಲ್ಲೂ ಎರಡು ಪೋರ್ಟ್ ತೆರೆಯಿರಿ.

ಒಂದು ಎಚ್ಚರಿಕೆ. ನೆಟ್‌ನಲ್ಲಿ ಸಿಗುವ ಡವ್‌ಕಾಟ್ ಉದಾಹರಣೆಗಳನ್ನು ಕುರುಡಾಗಿ ಅಂಟಿಸಬೇಡಿ. ಡೆಬಿಯನ್ 12ರಲ್ಲಿರುವುದು 2.3. 2025ರ ಜನವರಿಯಲ್ಲಿ ಬಂದ 2.4ರಲ್ಲಿ ಕಾನ್ಫಿಗ್ ಬರೆಯುವ ರೀತಿಯೇ ಬದಲಾಗಿದೆ, ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ರಾತ್ರಿಪಾಳಿ:
ನಡುವೆ ಬಂದೆ, ಕ್ಷಮಿಸಿ. ನನ್ನದೂ ಪೋಸ್ಟ್‌ಫಿಕ್ಸ್. ನಾನು ಏನೂ ಬದಲಿಸಿಲ್ಲ, ಆದರೂ ನಿನ್ನೆ ಸಂಜೆಯಿಂದ ಹೊರಗಿನ ಒಂದು ಮೇಲೂ ಒಳಗೆ ಬರುತ್ತಿಲ್ಲ. ಕಳಿಸಿದವರಿಗೆಲ್ಲ 554 ಹೋಗುತ್ತಿದೆ. 'ಬ್ಲಾಕ್ಡ್ ಯೂಸಿಂಗ್ ಜೆನ್.ಸ್ಪ್ಯಾಮ್‌ಹೌಸ್' ಅಂತ ಇದೆ, ಅದು ಸ್ಪ್ಯಾಮ್ ಐಪಿಗಳ ಕಪ್ಪುಪಟ್ಟಿ. ಎಲ್ಲರೂ ಒಟ್ಟಿಗೆ ಕಪ್ಪುಪಟ್ಟಿಗೆ ಸೇರುವುದು ಸಾಧ್ಯವೇ?

ಬಂದರು25:
ಆ ಸಾಲಿನ ಕೊನೆಯವರೆಗೂ ಓದಿ. 'ಎರರ್: ಓಪನ್ ರಿಸಾಲ್ವರ್' ಅಂತ ಇದೆಯಾ?

ರಾತ್ರಿಪಾಳಿ:
ಇದೆ!

ಬಂದರು25:
ಹಾಗಾದರೆ ಯಾರೂ ಕಪ್ಪುಪಟ್ಟಿಯಲ್ಲಿಲ್ಲ. ಸ್ಪ್ಯಾಮ್‌ಹೌಸ್‌ನ ಉಚಿತ ಪಟ್ಟಿಯನ್ನು 8.8.8.8ರಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಹುಡುಕಿ ಕೊಡುವ ಸರ್ವರ್) ಮೂಲಕ ಕೇಳಿದರೆ ಅದು ಪಟ್ಟಿಯ ಉತ್ತರ ಕೊಡುವುದಿಲ್ಲ, 127.255.255.254 ಅನ್ನುವ ತಪ್ಪಿನ ಸಂಕೇತ ಕೊಡುತ್ತದೆ. ನಿಮ್ಮ ಪೋಸ್ಟ್‌ಫಿಕ್ಸ್‌ನಲ್ಲಿ ಪಟ್ಟಿಯ ಹೆಸರು ಮಾತ್ರ ಬರೆದಿದ್ದರೆ, ಏನೇ ಉತ್ತರ ಬಂದರೂ 'ಪಟ್ಟಿಯಲ್ಲಿದೆ' ಅಂತ ತಿಳಿದುಕೊಳ್ಳುತ್ತದೆ. ಹಾಗಾಗಿ ಎಲ್ಲರಿಗೂ ಬಾಗಿಲು ಮುಚ್ಚಿತು. ನೀವು ಏನೂ ಬದಲಿಸದಿದ್ದರೂ ಯಂತ್ರದ ರಿಸಾಲ್ವರ್ ಬದಲಾಗಿರಬೇಕು.

ಎರಡು ಕೆಲಸ ಮಾಡಿ. ಪಟ್ಟಿಯ ಹೆಸರು ಮುಗಿದ ಮೇಲೆ ಸಮ ಚಿಹ್ನೆ ಹಾಕಿ 127.0.0.[2..11] ಅಂತ ಬರೆಯಿರಿ, ಆಗ ಆ ವ್ಯಾಪ್ತಿಯ ಉತ್ತರಕ್ಕೆ ಮಾತ್ರ ತಡೆ. ಆಮೇಲೆ ಅದೇ ಯಂತ್ರದಲ್ಲಿ ಅನ್‌ಬೌಂಡ್ ಹಾಕಿ ಸ್ವಂತ ರಿಸಾಲ್ವರ್ ಮಾಡಿಕೊಳ್ಳಿ. ಮೇಲ್ ಸರ್ವರ್‌ಗೆ ಸ್ವಂತ ರಿಸಾಲ್ವರ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪರೀಕ್ಷೆಗೆ 2.0.0.127 ಅಂತ ಜೆನ್ ಪಟ್ಟಿಯ ಹೆಸರಿಗಿಂತ ಮೊದಲು ಸೇರಿಸಿ ಡಿಗ್ ಮಾಡಿ. 127.0.0.2 ಇರುವ ಉತ್ತರ ಬಂದರೆ ಸರಿಯಾಗಿದೆ.

ಲಾಗ್‌ಓದುಗ:
ಇದಕ್ಕೆ ಒಂದು ಸೇರಿಸುತ್ತೇನೆ, ಇದರಿಂದ ಜನ ರಾತ್ರಿಯೆಲ್ಲ ಒದ್ದಾಡುತ್ತಾರೆ. ಡೆಬಿಯನ್ 12ರಲ್ಲಿ ಪೋಸ್ಟ್‌ಫಿಕ್ಸ್‌ನ ಬಹಳಷ್ಟು ಭಾಗಗಳು ಕ್ರೂಟ್ ಒಳಗೆ, ಅಂದರೆ ಒಂದೇ ಡೈರೆಕ್ಟರಿಯೊಳಗೆ ಕೂಡಿಹಾಕಿದ ಹಾಗೆ, ಓಡುತ್ತವೆ. ಯಾವ ರಿಸಾಲ್ವರ್ ಅಂತ ಹೇಳುವ ರಿಸಾಲ್ವ್.ಕಾನ್ಫ್ ಫೈಲ್‌ನ ಒಂದು ಪ್ರತಿ ಸ್ಪೂಲ್ ಡೈರೆಕ್ಟರಿಯ ಒಳಗಿನ ಇಟಿಸಿಯಲ್ಲೂ ಇರುತ್ತದೆ, ಪೋಸ್ಟ್‌ಫಿಕ್ಸ್ ಓದುವುದು ಅದನ್ನೇ. ನೀವು ಹೊರಗಿನ ಫೈಲ್ ಬದಲಿಸಿ, ಡಿಗ್ ಮಾಡಿ, ಎಲ್ಲ ಸರಿ ಅಂದುಕೊಳ್ಳುತ್ತೀರಿ. ಪೋಸ್ಟ್‌ಫಿಕ್ಸ್ ಮಾತ್ರ ಹಳೆ ರಿಸಾಲ್ವರನ್ನೇ ಕೇಳುತ್ತಿರುತ್ತದೆ. ರಿಸಾಲ್ವರ್ ಬದಲಿಸಿದ ಮೇಲೆ ರೀಸ್ಟಾರ್ಟ್ ಮಾಡಿ, ಎರಡು ಫೈಲೂ ಒಂದೇ ಇದೆಯಾ ಕಣ್ಣಾರೆ ನೋಡಿ.

ರಾತ್ರಿಪಾಳಿ:
ಅದೇ ಆಗಿತ್ತು. ಒಳಗಿನ ಪ್ರತಿ ಬೇರೆ ಇತ್ತು. ಈಗ ಮೇಲ್ ಬರುತ್ತಿದೆ. ತುಂಬಾ ಉಪಕಾರವಾಯಿತು.

ಹೊಸಸರ್ವರ್:
ನನ್ನ ಕಡೆಯೂ ಒಳ್ಳೆ ಸುದ್ದಿ. ಪಿಟಿಆರ್ ಹಾಕಿಸಿದೆ, ಐಪಿವಿ6ನಲ್ಲೂ ಮೇಲ್ ಹೋಗುತ್ತಿದೆ. 587 ಮತ್ತು 465 ತೆರೆದೆ, ಫೋನ್‌ಗಳಿಂದ ಹೋಗುತ್ತಿದೆ, ಲಾಗ್‌ನಲ್ಲಿ ಪ್ರತಿಯೊಬ್ಬರ ಹೆಸರೂ ಕಾಣಿಸುತ್ತಿದೆ. ಉಳಿದದ್ದು ಸ್ಪ್ಯಾಮ್ ಫೋಲ್ಡರ್ ಕಥೆ. ನನ್ನದೇ ಇನ್ನೊಂದು ಖಾತೆಗೆ ಕಳಿಸಿ ಹೆಡರ್ ನೋಡಿದೆ. ಎಸ್‌ಪಿಎಫ್ ಪಾಸ್. ಡಿಕೆಐಎಂ ಜಾಗದಲ್ಲಿ 'ನನ್' ಅಂತ ಇದೆ.

ಕೀಲಿಕೈ:
'ಫೇಲ್' ಅಲ್ಲ, 'ನನ್' ಅಂದಿದ್ದೀರಿ. ಒಳ್ಳೆ ಗಮನ. ಫೇಲ್ ಅಂದರೆ ಸಹಿ ಇದೆ, ತಾಳೆಯಾಗಲಿಲ್ಲ ಅಂತ. ನನ್ ಅಂದರೆ ಸಹಿಯೇ ಬಿದ್ದಿಲ್ಲ. ಡಿಎನ್‌ಎಸ್ ಕಡೆ ಹೋಗಬೇಡಿ, ಓಪನ್‌ಡಿಕೆಐಎಂವರೆಗೆ ಮೇಲ್ ತಲುಪುತ್ತಿದೆಯಾ ನೋಡಿ. ಲಾಗ್‌ನಲ್ಲಿ 'ಮಿಲ್ಟರ್' (ಓಪನ್‌ಡಿಕೆಐಎಂನಂಥ ಹೊರಗಿನ ಮೇಲ್ ಶೋಧಕ) ಅಂತ ಹುಡುಕಿ.

ಹೊಸಸರ್ವರ್:
ಸಿಕ್ಕಿತು. ಮಿಲ್ಟರ್ ಸೇವೆಗೆ ಸಂಪರ್ಕ ಆಗಲಿಲ್ಲ, ಆ ಹೆಸರಿನ ಫೈಲ್ ಇಲ್ಲ ಅಂತ ಸಾಲು ಸಾಲು ಎಚ್ಚರಿಕೆ ಇದೆ. ಆದರೆ ಸಾಕೆಟ್ ಫೈಲ್ ಅಲ್ಲೇ ಇದೆಯಲ್ಲ, ಎಲ್‌ಎಸ್ ಮಾಡಿದರೆ ಕಾಣಿಸುತ್ತದೆ!

ಕೀಲಿಕೈ:
ನಿಮಗೆ ಕಾಣಿಸುತ್ತದೆ, ಪೋಸ್ಟ್‌ಫಿಕ್ಸ್‌ಗೆ ಕಾಣಿಸುವುದಿಲ್ಲ. ಮೇಲೆ ಹೇಳಿದ ಕ್ರೂಟ್ ಇಲ್ಲೂ ಅಡ್ಡ ಬಂದಿದೆ. ಓಪನ್‌ಡಿಕೆಐಎಂ ಸಾಕೆಟ್ ರನ್ ಡೈರೆಕ್ಟರಿಯಲ್ಲಿದೆ, ಪೋಸ್ಟ್‌ಫಿಕ್ಸ್‌ನ ಲೋಕ ಸ್ಪೂಲ್ ಡೈರೆಕ್ಟರಿಗೆ ಮುಗಿಯುತ್ತದೆ. ಸಾಕೆಟನ್ನು ಸ್ಪೂಲ್ ಒಳಗೆ ಒಂದು ಫೋಲ್ಡರ್ ಮಾಡಿ ಇಡಿ, ಪೋಸ್ಟ್‌ಫಿಕ್ಸ್ ಬಳಕೆದಾರನನ್ನು ಓಪನ್‌ಡಿಕೆಐಎಂ ಗುಂಪಿಗೆ ಸೇರಿಸಿ. ಅಥವಾ ಲೂಪ್‌ಬ್ಯಾಕ್‌ನಲ್ಲಿ ಟಿಸಿಪಿ ಪೋರ್ಟ್ 8891 ಕೊಡಿ, ಜಂಜಾಟವೇ ಇಲ್ಲ. ನಾನು ಎರಡನೆಯದನ್ನೇ ಮಾಡುತ್ತೇನೆ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂದರೆ, ಮಿಲ್ಟರ್_ಡಿಫಾಲ್ಟ್_ಆಕ್ಷನ್ ನಿಮ್ಮಲ್ಲಿ 'ಆಕ್ಸೆಪ್ಟ್' ಅಂತ ಇದ್ದಿರಬೇಕು. ಮಿಲ್ಟರ್ ಸಿಗದಿದ್ದರೂ ಮೇಲ್ ಸುಮ್ನೆ ಸಹಿಯಿಲ್ಲದೆ ಹೋಗುತ್ತದೆ. ಪೋಸ್ಟ್‌ಫಿಕ್ಸ್‌ನ ಮೂಲ ಸೆಟ್ಟಿಂಗ್ 'ಟೆಂಪ್‌ಫೇಲ್' (ತಾತ್ಕಾಲಿಕ ನಿರಾಕರಣೆ), ಅದಿದ್ದಿದ್ದರೆ ಮೊದಲ ಮೇಲ್‌ನಲ್ಲೇ ಗೊತ್ತಾಗುತ್ತಿತ್ತು.

ಕೀಲಿ ಪರೀಕ್ಷೆಗೆ ಓಪನ್‌ಡಿಕೆಐಎಂ-ಟೆಸ್ಟ್‌ಕೀ ಓಡಿಸಿ. 'ಕೀ ನಾಟ್ ಸೆಕ್ಯೂರ್' ಅಂತ ಬಂದರೆ ಹೆದರಬೇಡಿ, ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಹಾಕುವ ಸಹಿ) ಇಲ್ಲ ಅಂತ ಅಷ್ಟೇ. ಕೊನೆಗೆ 'ಕೀ ಓಕೆ' ಬಂದರೆ ಸಾಕು. 2048 ಬಿಟ್‌ನ ಕೀಲಿ ಆದರೆ ಅದನ್ನು ಇಡುವ ಡಿಎನ್‌ಎಸ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ ಒಂದು ತುಂಡಿಗೆ 255 ಅಕ್ಷರದ ಮಿತಿ ಇದೆ, ಎರಡು ತುಂಡು ಮಾಡಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕಾಗುತ್ತದೆ.

ಹೊಸಸರ್ವರ್:
ಟಿಸಿಪಿಗೆ ಬದಲಿಸಿದೆ, ಸಹಿ ಬೀಳುತ್ತಿದೆ, ಮೇಲ್ ಇನ್‌ಬಾಕ್ಸ್‌ಗೆ ಹೋಗುತ್ತಿದೆ. ಆದರೆ ಅದೇ ಯಂತ್ರದಲ್ಲಿರುವ ವೆಬ್‌ಸೈಟ್ ಫಾರ್ಮ್‌ನಿಂದ ಹೋಗುವ ಮೇಲ್‌ಗೆ ಇನ್ನೂ ಸಹಿ ಇಲ್ಲ.

ಕೀಲಿಕೈ:
ಅದು ಎಸ್‌ಎಂಟಿಪಿ ಮೂಲಕ ಬರುವುದಿಲ್ಲ, ಸೆಂಡ್‌ಮೇಲ್ ಆಜ್ಞೆಯ ಮೂಲಕ ನೇರವಾಗಿ ಕ್ಯೂಗೆ ಬೀಳುತ್ತದೆ. ಎಸ್‌ಎಂಟಿಪಿಡಿ_ಮಿಲ್ಟರ್ಸ್‌ನಲ್ಲಿ ಇರುವುದನ್ನೇ ನಾನ್_ಎಸ್‌ಎಂಟಿಪಿಡಿ_ಮಿಲ್ಟರ್ಸ್‌ಗೂ ಕೊಡಿ.

ಸರತಿಸಾಲು:
ಈ ಗಲಾಟೆಯಲ್ಲಿ ಕ್ಯೂನಲ್ಲಿ ಏನಾದರೂ ಉಳಿದಿದೆಯಾ ನೋಡಿಕೊಳ್ಳಿ. ಪೋಸ್ಟ್‌ಕ್ಯೂ ಮೈನಸ್ ಪಿ ಕೊಟ್ಟರೆ ಪಟ್ಟಿ ಬರುತ್ತದೆ, ಯಾಕೆ ಉಳಿದಿದೆ ಅನ್ನುವ ಕಾರಣ ಸಮೇತ. ಡಿಫರ್ಡ್ ಆದ ಮೇಲ್ ಸಾಮಾನ್ಯವಾಗಿ 5 ದಿನ ಇರುತ್ತದೆ, ಆಮೇಲೆ ಕಳಿಸಿದವರಿಗೆ ವಾಪಸ್. ಪದೇಪದೇ ಫ್ಲಶ್ (ಎಲ್ಲವನ್ನೂ ತಕ್ಷಣ ಮತ್ತೆ ಕಳಿಸಲು ನೋಡುವುದು) ಮಾಡಬೇಡಿ, ಆ ಕಡೆಯ ಸರ್ವರ್ ಇನ್ನಷ್ಟು ಅನುಮಾನ ಪಡುತ್ತದೆ. ಎರಡು ಪ್ರಯತ್ನಗಳ ನಡುವಿನ ಅಂತರ 300 ಸೆಕೆಂಡಿನಿಂದ 4000 ಸೆಕೆಂಡಿನವರೆಗೆ ತಾನಾಗಿ ಬೆಳೆಯುತ್ತದೆ, ಅದರ ಪಾಡಿಗೆ ಬಿಡಿ. ತಡವಾದರೆ ಕಳಿಸಿದವರಿಗೆ ತಿಳಿಸುವ ಡಿಲೇ_ವಾರ್ನಿಂಗ್_ಟೈಮ್ ಸೊನ್ನೆ ಇರುತ್ತದೆ, ಅದನ್ನು 4 ಗಂಟೆ ಮಾಡಿ. ಇಲ್ಲದಿದ್ದರೆ ತಮ್ಮ ಮೇಲ್ ಹೋಗಿಲ್ಲ ಅಂತ ಜನಕ್ಕೆ 5 ದಿನ ಗೊತ್ತೇ ಆಗುವುದಿಲ್ಲ, ಅದು ಸರಿಯಲ್ಲ ಅಲ್ವಾ?

ಕ್ಯೂ ದಿಢೀರಂತ ಸಾವಿರಾರಕ್ಕೆ ಏರಿದರೆ ಮೊದಲು ಎಸ್‌ಎಎಸ್‌ಎಲ್_ಯೂಸರ್‌ನೇಮ್ ಎಣಿಸಿ. ಒಬ್ಬರ ಹೆಸರೇ ಜಾಸ್ತಿ ಬಂದರೆ ಅವರ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಕ್ಯೂ ಸ್ವಚ್ಛ ಮಾಡಿ. ಹಿಂದುಮುಂದು ಮಾಡಿದರೆ ಕ್ಯೂ ಮತ್ತೆ ತುಂಬುತ್ತದೆ.

ಹೊಸಸರ್ವರ್:
ಕೊನೆಯದಾಗಿ ಡಿಮಾರ್ಕ್ (ಎಸ್‌ಪಿಎಫ್, ಡಿಕೆಐಎಂ ಪಾಸಾಗದ ಮೇಲನ್ನು ಏನು ಮಾಡಬೇಕು ಅಂತ ಹೇಳುವ ದಾಖಲೆ) ಬಗ್ಗೆ ಕೇಳಬೇಕು. ನಾವು ದಿನಕ್ಕೆ ಕೆಲವೇ ನೂರು ಮೇಲ್ ಕಳಿಸುವವರು, ಬೇಕಾ? ಇನ್ನೊಂದು, ನಮ್ಮ ಕೆಲವರು ಕಚೇರಿಯ ಮೇಲನ್ನು ತಮ್ಮ ಸ್ವಂತ ಖಾತೆಗೆ ಫಾರ್ವರ್ಡ್ ಮಾಡಿಸಿಕೊಂಡಿದ್ದಾರೆ. ಅವುಗಳಲ್ಲಿ ಕೆಲವು ಮಾತ್ರ ನಿರಾಕರಣೆಯಾಗುತ್ತಿವೆ.

ಕೀಲಿಕೈ:
2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ಕಡ್ಡಾಯ. ಉಳಿದವರಿಗೆ ಎಸ್‌ಪಿಎಫ್ ಅಥವಾ ಡಿಕೆಐಎಂ, ಸರಿಯಾದ ಪಿಟಿಆರ್, ಟಿಎಲ್‌ಎಸ್ ಇದ್ದರೆ ನಡೆಯುತ್ತದೆ. ಆದರೂ ಡಿಮಾರ್ಕ್ ಹಾಕಿ. ಮೊದಲು ಪಾಲಿಸಿ 'ನನ್' (ಯಾವ ಕ್ರಮವೂ ಬೇಡ) ಇಟ್ಟು ವರದಿಗೆ ಒಂದು ವಿಳಾಸ ಕೊಡಿ. ನಿಮ್ಮ ಡೊಮೈನ್ ಹೆಸರಲ್ಲಿ ಎಲ್ಲೆಲ್ಲಿಂದ ಮೇಲ್ ಹೋಗುತ್ತಿದೆ ಅಂತ ವರದಿಗಳಲ್ಲಿ ಕಾಣುತ್ತದೆ. ಯಾರೂ ನೆನಪಿಟ್ಟಿರದ ಸುದ್ದಿಪತ್ರ ಸೇವೆಯೋ ಬಿಲ್ಲಿಂಗ್ ಸಾಫ್ಟ್‌ವೇರೋ ಸಿಕ್ಕೇ ಸಿಗುತ್ತದೆ. ಅವಕ್ಕೆಲ್ಲ ಸಹಿ ಹಾಕಿಸಿದ ಮೇಲೆ 'ಕ್ವಾರಂಟೈನ್'ಗೆ (ಸ್ಪ್ಯಾಮ್‌ಗೆ ಹಾಕಿ ಅನ್ನುವುದಕ್ಕೆ) ಹೋಗಿ, ಅವಸರ ಬೇಡ.

ಫಾರ್ವರ್ಡ್ ಮಾಡಿದಾಗ ಕಳಿಸುವ ಐಪಿ ನಿಮ್ಮದಾಗುತ್ತದೆ, ಕಳಿಸಿದವರ ಡೊಮೈನ್ ಬೇರೆಯವರದ್ದು. ಎಸ್‌ಪಿಎಫ್ ಅಲ್ಲೇ ಬೀಳುತ್ತದೆ. ಮೂಲ ಮೇಲ್‌ಗೆ ಡಿಕೆಐಎಂ ಇದ್ದು, ನೀವು ಅದರ ಒಡಲನ್ನೂ ಸಹಿಯಾದ ಹೆಡರ್‌ಗಳನ್ನೂ ಮುಟ್ಟದಿದ್ದರೆ ಡಿಮಾರ್ಕ್ ಪಾಸಾಗುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಕೆಲವು ಮಾತ್ರ. ಪೋಸ್ಟ್‌ಎಸ್‌ಆರ್‌ಎಸ್‌ಡಿ ಅನ್ನುವ ಪ್ರೋಗ್ರಾಮ್ ಹಾಕಿದರೆ ಲಕೋಟೆಯ ವಿಳಾಸ (ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ಕಳಿಸಿದವರ ವಿಳಾಸ) ನಿಮ್ಮ ಡೊಮೈನ್‌ಗೆ ಬದಲಾಗಿ ಎಸ್‌ಪಿಎಫ್ ಪಾಸಾಗುತ್ತದೆ. ಆದರೆ ಫ್ರಮ್ ಸಾಲು ಅವರದ್ದೇ ಇರುವುದರಿಂದ ಡಿಮಾರ್ಕ್‌ಗೆ ಅದು ನೆರವಾಗುವುದಿಲ್ಲ. ಮೇಲಾಗಿ ಅವರಿಗೆ ಬರುವ ಸ್ಪ್ಯಾಮ್ ಎಲ್ಲವೂ ನಿಮ್ಮ ಐಪಿಯಿಂದ ಹೋದ ಹಾಗೆ ಲೆಕ್ಕ. ಸಾಧ್ಯವಾದರೆ ಫಾರ್ವರ್ಡ್ ನಿಲ್ಲಿಸಿ, ಅವರ ಫೋನ್‌ನಲ್ಲೇ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನು ಅಲ್ಲಿಂದಲೇ ಓದುವ ವಿಧಾನ) ಮೂಲಕ ಈ ಖಾತೆಯನ್ನೂ ಸೇರಿಸಿಕೊಡಿ.

ಹೊಸಸರ್ವರ್:
ಫಾರ್ವರ್ಡ್ ಇರುವವರ ಪಟ್ಟಿ ತೆಗೆದೆ, ಕೆಲವೇ ಜನ. ಒಬ್ಬೊಬ್ಬರಿಗೇ ಐಮ್ಯಾಪ್ ಹಾಕಿಕೊಡುತ್ತಿದ್ದೇನೆ. ಡಿಮಾರ್ಕ್ 'ನನ್' ಹಾಕಿದ್ದೇನೆ, ಮೊದಲ ವರದಿಯಲ್ಲೇ ಗುರುತಿಲ್ಲದ ಒಂದು ಸರ್ವರ್ ಕಂಡಿತು. ಹುಡುಕಿದರೆ ಅದು ನಮ್ಮದೇ ಲೆಕ್ಕಪತ್ರದ ಸಾಫ್ಟ್‌ವೇರ್, ರಸೀದಿಗಳನ್ನು ನಮ್ಮ ಹೆಸರಲ್ಲಿ ಸಹಿಯಿಲ್ಲದೆ ಕಳಿಸುತ್ತಿತ್ತು. ಅದನ್ನು 587ರ ಮೂಲಕ ಪಾಸ್‌ವರ್ಡ್ ಕೊಟ್ಟು ನಮ್ಮ ಸರ್ವರ್‌ನಿಂದಲೇ ಕಳಿಸುವ ಹಾಗೆ ಬದಲಿಸಿದೆ. ಈಗ ಅದಕ್ಕೂ ಸಹಿ ಬೀಳುತ್ತಿದೆ.